ಎಡಚ ಹುಡುಗಿಯ ಮೊದಲ ತೋಟಾಕೋವಿ: ಮಾಸ್‌ಬರ್ಗ್ 500 ಸೂಪರ್ ಬ್ಯಾಂಟಮ್

ಎಡಚರಿಗೆ ಎಡಗೈಯವರಿಗೆಂದೇ ತಯಾರಾದ ಕೋವಿಯೇ ಆಗಬೇಕೆಂದು ನಾನು ಬಹಳ ಕಾಲ ನಂಬಿದ್ದೆ. ಅಕ್ಕನ 14 ವರ್ಷದ ಮಗಳಿಗಾಗಿ 20 ಗೇಜಿನ (ಗೇಜ್ ಎಂದರೆ ನಳಿಗೆಯ ಒಳಅಳತೆ; ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಕಿರಿದು) ಸೂಪರ್ ಬ್ಯಾಂಟಮ್ ತಂದು ಹಲವು ವಾರ ಅಭ್ಯಾಸ ಮಾಡಿಸಿದ ಮೇಲೆ, ಖಾಲಿ ತೋಟಾ ಯಾವ ಬದಿಗೆ ಹಾರುತ್ತದೆ ಎನ್ನುವುದಕ್ಕಿಂತ ಕೋವಿಯ ಅಳತೆ ಮತ್ತು ಸೇಫ್ಟಿ (ಅಕಸ್ಮಾತ್ ಈಡು ಹಾರದಂತೆ ತಡೆಯುವ ಕೀಲಿ) ಇರುವ ಜಾಗವೇ ಮುಖ್ಯ ಎಂಬ ತೀರ್ಮಾನಕ್ಕೆ ಬಂದಿದ್ದೇನೆ.

ಅಂಗಡಿಗೆ ಹೋಗುವ ಮೊದಲು ನಾವು ಪರೀಕ್ಷಿಸಿದ್ದು ಅವಳ ಕಣ್ಣನ್ನು. ಎರಡೂ ಅಂಗೈ ಜೋಡಿಸಿ ನಡುವೆ ಸಣ್ಣ ಕಿಂಡಿ ಬಿಟ್ಟು ದೂರದ ಗುರುತೊಂದನ್ನು ನೋಡಿ, ಒಂದೊಂದೇ ಕಣ್ಣು ಮುಚ್ಚಿದರೆ ಯಾವ ಕಣ್ಣಿಗೆ ಗುರುತು ಉಳಿಯುತ್ತದೋ ಅದೇ ಮೇಲುಗೈಯ ಕಣ್ಣು. ಅವಳದು ಎಡಗಣ್ಣೇ ಆದ್ದರಿಂದ ಎಡಭುಜದಿಂದಲೇ ಹೊಡೆಯುವುದು ನಿಶ್ಚಯವಾಯಿತು. ಮೊದಲು ಹೋದ ಅಂಗಡಿಯಲ್ಲಿ ಕೊಟ್ಟದ್ದು ಸ್ಟಾಕು (ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗ) ಬಲಕ್ಕೆ ಬಾಗಿದ ಜೋಡಿ ನಳಿಗೆಯ ಕೋವಿ. ಇಂಥ ಅನೇಕ ಕೋವಿಗಳ ಸ್ಟಾಕನ್ನು ಬಲಗೈಯವರ ಕೆನ್ನೆಗೆ ಹೊಂದುವಂತೆ ತುಸು ಬಲಕ್ಕೆ ಬಾಗಿಸಿರುತ್ತಾರೆ. ಅದನ್ನು ಎಡಭುಜಕ್ಕೆ ಇಟ್ಟಾಗ ಹುಡುಗಿ, "ಮಾಮ, ನನಗೆ ನಳಿಗೆಯ ಪಕ್ಕ ಕಾಣ್ತದೆ, ತುದಿ ಕಾಣೋದಿಲ್ಲ" ಎಂದಳು. ಮಾರುವವರು "ಅಭ್ಯಾಸ ಆಗ್ತದೆ ಬಿಡಿ" ಎಂದರು. ನಾವು ವಾಪಸು ಬಂದೆವು.

ಬ್ಯಾಂಟಮ್‌ನಲ್ಲಿ ನನಗೆ ಹಿಡಿಸಿದ ಮೊದಲ ಸಂಗತಿ ಸೇಫ್ಟಿ. ಟ್ರಿಗರ್ ಪಕ್ಕದಲ್ಲಿ ಅಡ್ಡಕ್ಕೆ ಒತ್ತುವ ಗುಂಡಿಯಿರುವ ಕೋವಿಗಳು ಸಾಮಾನ್ಯವಾಗಿ ಬಲಗೈಯ ತೋರುಬೆರಳಿಗೆ ಒದಗುವಂತಿದ್ದು, ಎಡಚರು ಬೆರಳನ್ನು ಸುತ್ತಿಸಿಕೊಂಡು ಹೋಗಬೇಕಾಗುತ್ತದೆ. ಕೆಲವುದರಲ್ಲಿ ಮಾತ್ರ ಆ ಗುಂಡಿಯನ್ನು ತಿರುಗಿಸಿ ಕೂರಿಸಿಕೊಳ್ಳಬಹುದು. 500ರಲ್ಲಿ ಸೇಫ್ಟಿಯು ಕೋವಿಯ ಬೆನ್ನಿನ ಮೇಲೆ, ಹೆಬ್ಬೆರಳ ಕೆಳಗೇ ಇದೆ. ಮುಂದಕ್ಕೆ ತಳ್ಳಿದರೆ ಕೆಂಪು ಚುಕ್ಕೆ ಕಾಣಿಸುತ್ತದೆ, ಅಂದರೆ ಕೋವಿ ಈಡಿಗೆ ಸಿದ್ಧ. ಪಕ್ಕದಲ್ಲಿ ನಿಂತ ಹಿರಿಯರಿಗೂ ಆ ಚುಕ್ಕೆ ಕಾಣುತ್ತದೆ ಎಂಬುದು, ಮಕ್ಕಳಿಗೆ ಕಲಿಸುವವರ ದೃಷ್ಟಿಯಿಂದ, ಸಣ್ಣ ಅನುಕೂಲವಲ್ಲ.

ಸ್ಟಾಕಿನ ಉದ್ದವನ್ನು ಸ್ಪೇಸರ್ (ಸ್ಟಾಕಿನ ಹಿಂತುದಿಗೆ ಸೇರಿಸುವ ತುಂಡು) ಮೂಲಕ 12ರಿಂದ 13 ಇಂಚಿಗೆ ಹೊಂದಿಸಬಹುದು. ವಯಸ್ಕರ ಕೋವಿಗಳಲ್ಲಿ ಇದು 14 ಇಂಚಿನ ಆಸುಪಾಸು ಇರುತ್ತದೆ. ಮೊಣಕೈ ಮಡಚಿ ಅಳೆಯುವ ಹಳೆಯ ರೂಢಿಗಿಂತ, ಕೋವಿಯನ್ನು ಭುಜಕ್ಕೇರಿಸಿದಾಗ ಮೂಗಿಗೂ ಹೆಬ್ಬೆರಳ ಗೆಣ್ಣಿಗೂ ನಡುವೆ ಎರಡು ಮೂರು ಬೆರಳಿನಷ್ಟು ಜಾಗ ಉಳಿಯುತ್ತದೆಯೇ ಎಂದು ನೋಡುವುದು ಹೆಚ್ಚು ನಂಬಿಕೆಗೆ ಅರ್ಹ. ಅವಳಿಗೆ ಸ್ಪೇಸರ್ ತೆಗೆದ ಮೇಲೆಯೇ ಆ ಅಂತರ ಅಷ್ಟಕ್ಕೆ ಇಳಿದದ್ದು. 22 ಇಂಚಿನ ನಳಿಗೆಯಿಂದಾಗಿ ಮೂತಿ ಭಾರವೆನಿಸುವುದಿಲ್ಲ. ಆದರೆ ಕೋವಿ ಹಗುರವಾದಷ್ಟೂ ಒದೆತ ಚುರುಕಾಗಿರುತ್ತದೆ. ಆದ್ದರಿಂದ 3 ಇಂಚಿನ ಭಾರಿ ತೋಟಾಗಳನ್ನು ಹಾಕಲು ಅವಕಾಶವಿದ್ದರೂ, ಸುಮಾರು 25 ಗ್ರಾಂ ಚರೆಯಿರುವ ಎರಡೂಮುಕ್ಕಾಲು ಇಂಚಿನ ತೋಟಾಗಳನ್ನಷ್ಟೇ ಬಳಸಿದೆವು. ಮೊದಲ ದಿನವೇ ಭುಜ ನೋಯಿಸಿಕೊಂಡ ಮಗು ಮುಂದೆ ಕಣ್ಣು ಮುಚ್ಚಿಕೊಂಡೇ ಟ್ರಿಗರ್ ಎಳೆಯುತ್ತದೆ, ಆ ಚಾಳಿ ಬಿಡಿಸುವುದು ಕಷ್ಟ.

ಕೊರತೆ ಇಲ್ಲವೆಂದಲ್ಲ. ನಾವು ಕೊಂಡದ್ದು ಬಲಬದಿಗೆ ಉಗುಳುವ ಮಾದರಿ. ಎಡಭುಜದಿಂದ ಹೊಡೆದಾಗ ಖಾಲಿ ತೋಟಾ ಎದೆಯ ಮುಂದೆ, ಬಲಗೈ ಮೇಲಿಂದ ಹಾರಿಹೋಗುತ್ತದೆ. ಮೊದಲ ದಿನ ಅವಳು ಪ್ರತಿ ಸಲವೂ ಬೆಚ್ಚಿದಳು, ನಾಲ್ಕನೆಯ ದಿನಕ್ಕೆ ಅದರ ಕಡೆ ಗಮನವೇ ಹೋಗಲಿಲ್ಲ. ಪಂಪನ್ನು (ಖಾಲಿ ತೋಟಾ ತೆಗೆದು ಹೊಸದನ್ನು ತುಂಬಲು ಹಿಂದೆಮುಂದೆ ಎಳೆಯುವ ಮುಂಭಾಗದ ಹಿಡಿ) ಬಿಡಿಸುವ ಸನ್ನೆ ಟ್ರಿಗರ್ ಕಾವಲಿನ ಹಿಂದೆ ಎಡಕ್ಕಿರುವುದರಿಂದ ಎಡಗೈಯವರು ಹಿಡಿತವನ್ನು ತುಸು ಸಡಿಲಿಸಬೇಕಾಗುತ್ತದೆ. ಇದು ಸಹಿಸಲಾಗದವರಿಗೆ ಎಡಬದಿಗೆ ಉಗುಳುವ 500ಗಳೂ ಇವೆ, ಅಡಿಯಿಂದಲೇ ಉಗುಳುವ ಇಥಾಕಾ 37 ಮತ್ತು ಬ್ರೌನಿಂಗ್ ಬಿಪಿಎಸ್ ಕೂಡ ಇವೆ.

ಮನೆಯಲ್ಲಿ 12 ಗೇಜಿನ ಕೋವಿಯೂ ಇರುವವರು ಒಂದು ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. 20ರ ತೋಟಾ ತಪ್ಪಿ 12ರ ಕೋವಿಗೆ ಬಿದ್ದರೆ ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ; ಖಾಲಿಯಿದೆಯೆಂದು ಅದರ ಹಿಂದೆ ಇನ್ನೊಂದು ತೋಟಾ ತುಂಬಿ ಹೊಡೆದರೆ ನಳಿಗೆ ಸಿಡಿಯುತ್ತದೆ. 20ರ ತೋಟಾಗಳಿಗೆ ಹಳದಿ ಬಣ್ಣ ಬಂದಿರುವುದು ಈ ಕಾರಣಕ್ಕೇ. ನಾವು ಎರಡನ್ನೂ ಬೇರೆ ಬೇರೆ ಬೀಗದಲ್ಲಿಟ್ಟು, ಅಭ್ಯಾಸಕ್ಕೆ ಹೊರಡುವಾಗ ಜೇಬು ತಡಕುತ್ತೇವೆ.

ಕೊನೆಗೆ, ಇಂಪ್ರೂವ್ಡ್ ಸಿಲಿಂಡರ್ ಚೋಕ್ (ನಳಿಗೆಯ ತುದಿಯನ್ನು ತುಸುವೇ ಕಿರಿದಾಗಿಸಿ ಚರೆಯ ಹರಡುವಿಕೆಯನ್ನು ಹಿಡಿತದಲ್ಲಿಡುವ ಕೊಳವೆ) ಹಾಕಿ 25 ಮೀಟರ್ ದೂರದ ಕಾಗದಕ್ಕೆ ಹೊಡೆಸಿದಾಗ ಚರೆಗಳ ಗುಂಪು ಗುರುತಿಗಿಂತ ಒಂದು ಗೇಣು ಮೇಲೆ ಬಿತ್ತು. ಕೋವಿಯ ತಪ್ಪೆಂದು ನಾನು ಚೋಕ್ ಬಿಚ್ಚಲು ಹೊರಟಿದ್ದೆ, ಆದರೆ ಮುಂದಿನ ಈಡಿನಲ್ಲಿ ಅವಳ ಮುಖ ನೋಡಿದರೆ ಟ್ರಿಗರ್ ಎಳೆಯುವ ಹೊತ್ತಿಗೆ ಕೆನ್ನೆ ಸ್ಟಾಕಿನಿಂದ ಮೇಲೇಳುತ್ತಿತ್ತು. ಕೆನ್ನೆ ತಾಗುವಲ್ಲಿ ತೆಳ್ಳನೆಯ ಟೇಪಿನ ತುಂಡು ಅಂಟಿಸಿ, ಅದು ಚರ್ಮಕ್ಕೆ ತಾಗುತ್ತಿರುವಾಗಲೇ ಹೊಡೆ ಎಂದೆ. ಮೂರನೆಯ ಕಾಗದದಲ್ಲಿ ಚರೆಗಳು ಗುರುತಿನ ಸುತ್ತಲೇ ಇದ್ದವು.