ಕೊಟ್ಟಿಗೆಯ ಕಚ್ಚುವ ನೊಣಗಳಿಗೆ ಯಾವ ಬಲೆ? ಬಳಸಿ ನೋಡಿದ ಕೆಲವು ವಿಧಾನಗಳ ವಿಮರ್ಶೆ

ಹೈನುಗಾರರಿಗೆಂದು ಮಾರುವ ನೊಣದ ಬಲೆಗಳ ಮೇಲೆ ‘ಎಲ್ಲ ಬಗೆಯ ನೊಣಗಳಿಗೂ’ ಎಂದು ಬರೆದಿರುವುದು ಸಾಮಾನ್ಯ. ಕೊಳ್ಳುವವರು ಮೊದಲು ಅನುಮಾನಿಸಬೇಕಾದದ್ದು ಈ ಮಾತನ್ನೇ. ಗೋದಲಿಯಲ್ಲಿ ಮುತ್ತುವ ಮನೆನೊಣ ಕಿರಿಕಿರಿ ಮಾಡುತ್ತದೆಯೇ ಹೊರತು ಕಚ್ಚುವುದಿಲ್ಲ. ಹೆಚ್ಚುಕಡಿಮೆ ಅದರ ಗಾತ್ರ, ಅದರ ಬಣ್ಣವನ್ನೇ ಹೊತ್ತ ಸ್ಟೊಮಾಕ್ಸಿಸ್ ಎಂಬ ಕೊಟ್ಟಿಗೆ ನೊಣ ಕಚ್ಚುತ್ತದೆ. ಹಸುವಿನ ಮುಂಗಾಲಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ಕಚ್ಚುವ ನೊಣ ತಲೆ ಮೇಲಾಗಿ ಕುಳಿತಿರುತ್ತದೆ, ಅದರ ತಲೆಯಿಂದ ಸೂಜಿಯಂಥ ಕಪ್ಪು ಸೊಂಡಿಲು ಮುಂದಕ್ಕೆ ಚಾಚಿಕೊಂಡಿರುತ್ತದೆ, ಓಡಿಸಿದರೆ ಒಂದು ಸುತ್ತು ಹಾರಿ ಮತ್ತೆ ಅದೇ ಕಾಲಿಗೆ ಬರುತ್ತದೆ. ಇನ್ನೊಂದು ಕುದುರೆ ನೊಣ. ಅದು ದಪ್ಪಗಿದ್ದು ಚರ್ಮವನ್ನು ಕತ್ತರಿಸಿ ಒಸರಿದ ರಕ್ತವನ್ನು ಹೀರುತ್ತದೆ. ಅದು ಎದ್ದುಹೋದ ಮೇಲೂ ಗಾಯದಿಂದ ರಕ್ತದ ಹನಿ ಇಳಿಯುತ್ತಿರುತ್ತದೆ.

ಇವು ರೋಗ ಹರಡುವ ಬಗೆ ಸರಳವಾದದ್ದು. ರಕ್ತ ಹೀರುತ್ತಿರುವಾಗ ಹಸು ಬಾಲ ಬೀಸಿದರೆ ನೊಣ ಅರ್ಧ ಹೊಟ್ಟೆಯಲ್ಲಿ ಎದ್ದು ಪಕ್ಕದ ಹಸುವಿನ ಮೇಲೆ ಕೂರುತ್ತದೆ, ಬಾಯಿಗೆ ಮೆತ್ತಿಕೊಂಡ ರಕ್ತದೊಡನೆ ರೋಗಾಣುವೂ ದಾಟುತ್ತದೆ. ಜಾನುವಾರುಗಳ ರಕ್ತದಲ್ಲಿ ಪರಾವಲಂಬಿ ಸೇರಿ ಬರುವ ಸರ್ರಾ ರೋಗ ಹೀಗೆಯೇ ಹರಡುತ್ತದೆ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ ಈಗಿನ ಪಾಕಿಸ್ತಾನದ ಡೇರಾ ಇಸ್ಮಾಯಿಲ್ ಖಾನಿನ ಕುದುರೆ ಮತ್ತು ಒಂಟೆಗಳ ರಕ್ತದಲ್ಲಿ ಇದರ ಪರಾವಲಂಬಿಯನ್ನು ಕಂಡುಹಿಡಿದನು. 2022ರಲ್ಲಿ ನಮ್ಮ ಜಿಲ್ಲೆಗಳನ್ನು ಕಾಡಿದ ಚರ್ಮಗಂಟು ರೋಗದ ವೈರಾಣುವನ್ನೂ ಕೊಟ್ಟಿಗೆ ನೊಣ ಒಯ್ಯಬಲ್ಲುದೆಂದು ಪ್ರಯೋಗಗಳು ತೋರಿಸಿವೆ. ಹಾಗಾಗಿ ಬಲೆಗೆ ಹಾಕುವ ಹಣ ಬರಿಯ ಸೌಕರ್ಯಕ್ಕಲ್ಲ.

ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಎರಡು ಸಾಧನಗಳ ವಿಷಯವನ್ನು ಬೇಗ ಮುಗಿಸಬಹುದು. ಕೊಳೆತ ವಾಸನೆಯ ಪುಡಿಯನ್ನು ನೀರಿನಲ್ಲಿ ಕಲಸಿ ತೂಗುಹಾಕುವ ಡಬ್ಬಿ ಒಂದು ವಾರದಲ್ಲಿ ತುಂಬುತ್ತದೆ, ನೋಡಿದವರಿಗೆ ಸಂತೋಷವೂ ಆಗುತ್ತದೆ; ಆದರೆ ಅದರಲ್ಲಿ ಬಿದ್ದಿರುವುದೆಲ್ಲ ಮನೆನೊಣ ಮತ್ತು ಹಸಿರು ಮಾಂಸದ ನೊಣ. ರಕ್ತ ಕುಡಿದು ಬದುಕುವ ನೊಣಕ್ಕೆ ಕೊಳೆತ ಆಹಾರದ ಗೊಡವೆಯಿಲ್ಲ. ನೀಲಿ ದೀಪದ ವಿದ್ಯುತ್ ಬಲೆಯದು ಬೇರೆ ತೊಡಕು. ಕೊಟ್ಟಿಗೆ ನೊಣ, ಕುದುರೆ ನೊಣ ಎರಡೂ ಹಗಲಿನವು, ದೀಪ ಕೆಲಸ ಮಾಡುವುದು ಕತ್ತಲಲ್ಲಿ. ಬೆಳಿಗ್ಗೆ ತಟ್ಟೆ ತೆಗೆದರೆ ಸಿಗುವುದು ಪತಂಗ, ಜೀರುಂಡೆಗಳ ಬೂದಿ. ಕುರಿ ಸಾಕುವವರು ಮಾತ್ರ ದೀಪವನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ನೀಲಿ ನಾಲಿಗೆ ರೋಗ ಹರಡುವ ಕ್ಯೂಲಿಕಾಯ್ಡಿಸ್ ಎಂಬ ಸಣ್ಣ ಕೀಟ ರಾತ್ರಿ ಬೆಳಕಿಗೆ ಬರುತ್ತದೆ. ಅದಕ್ಕೆ ಸುಡುವ ತಂತಿಯ ದೀಪವಲ್ಲ, ಫ್ಯಾನ್ ಇಟ್ಟು ಒಳಗೆ ಎಳೆದುಕೊಳ್ಳುವ ದೀಪ ಬೇಕು.

ಅಂಟು ಹಾಳೆಯ ಬಗ್ಗೆ ನನ್ನ ಅಭಿಪ್ರಾಯ ಮೊದಲಿಗಿಂತ ಉತ್ತಮವಾಗಿದೆ. ತೋಟದ ಕೀಟಗಳಿಗೆ ಮಾರುವ ಹಳದಿ ಹಾಳೆಗಿಂತ ಬಿಳಿಯ ಅಥವಾ ಅರೆಪಾರದರ್ಶಕ ಹಲಗೆಗೆ ಅಂಟು ಬಳಿದು ಬಿಸಿಲು ಬೀಳುವ ಕಡೆ, ನೆಲದಿಂದ ಮೊಣಕಾಲೆತ್ತರದಲ್ಲಿ ನಿಲ್ಲಿಸಿದರೆ ಕೊಟ್ಟಿಗೆ ನೊಣ ಚೆನ್ನಾಗಿ ಬೀಳುತ್ತದೆ. ಅದು ಕಾಲಿಗೆ ಕಚ್ಚುವ ನೊಣವಾದುದರಿಂದ ಎತ್ತರದಲ್ಲಿ ಹಾರಾಡುವುದು ಕಡಿಮೆ, ತೊಲೆಗೆ ಕಟ್ಟಿದ ಹಾಳೆ ಅದಕ್ಕೆ ಸಿಗುವುದಿಲ್ಲ. ದೋಷವೆಂದರೆ ಧೂಳು. ಒಣಹುಲ್ಲು ಕತ್ತರಿಸುವ ಯಂತ್ರ ಹತ್ತಿರವಿದ್ದರೆ ಕೆಲವೇ ದಿನಗಳಲ್ಲಿ ಅಂಟಿನ ಮೇಲೆ ಹೊಟ್ಟಿನ ಪದರ ಕೂರುತ್ತದೆ. ಹಲ್ಲಿ, ಓತಿಕೇತಗಳೂ ಸಿಕ್ಕಿಕೊಳ್ಳುತ್ತವೆ.

ಇವೆಲ್ಲಕ್ಕಿಂತ ಹೆಚ್ಚು ಗಮನಕ್ಕೆ ಅರ್ಹವಾದದ್ದು ಬಟ್ಟೆಯ ಬಲೆ. ನಿದ್ರಾರೋಗ ಹರಡುವ ತ್ಸೆತ್ಸೆ ನೊಣಕ್ಕಾಗಿ ಆಫ್ರಿಕಾದಲ್ಲಿ ಬೆಳೆದ ವಿದ್ಯೆ ಇದು. ಐವರಿ ಕೋಸ್ಟಿನ ವವುವಾ ಪಟ್ಟಣದ ಹೆಸರು ಹೊತ್ತ ಬಲೆಯಲ್ಲಿ ನೀಲಿ ಕಪ್ಪು ಬಟ್ಟೆಯ ಮೂರು ರೆಕ್ಕೆಗಳ ಮೇಲೆ ಪರದೆಯ ಗೋಪುರವಿರುತ್ತದೆ. ರಿಯೂನಿಯನ್ ದ್ವೀಪದ ಹೈನುಗಾರಿಕೆಯಲ್ಲಿ ಕೊಟ್ಟಿಗೆ ನೊಣಕ್ಕೆ ಇದನ್ನು ಬಳಸಿದ್ದಾರೆ. ಕೀಟವಿಜ್ಞಾನಿ ಸ್ಟೀವ್ ಮಿಹೋಕ್ 2002ರಲ್ಲಿ ಪ್ರಕಟಿಸಿದ ನ್ಜಿ ಬಲೆ ತ್ರಿಕೋನಾಕಾರದ್ದು. ನೊಣ ಮುಂಭಾಗದ ನೀಲಿಗೆ ಆಕರ್ಷಿತವಾಗಿ, ಕಪ್ಪಿನ ಕಡೆಗೆ ಕೆಳಗಿನಿಂದ ನುಗ್ಗಿ, ಹಿಂದಿನ ಪರದೆಗೆ ಬಡಿದು, ಬೆಳಕಿನತ್ತ ಮೇಲೇರಿ ತುದಿಯ ಪ್ಲಾಸ್ಟಿಕ್ ಬಾಟಲಿಗೆ ಬೀಳುತ್ತದೆ. ವಿಷ ಬೇಡ, ವಿದ್ಯುತ್ ಬೇಡ. ಅಳತೆಗಳು ಮುಕ್ತವಾಗಿ ಸಿಗುವುದರಿಂದ ಊರಿನ ದರ್ಜಿಯಿಂದಲೇ ಹೊಲಿಸಬಹುದು. ಆದರೆ ಬಟ್ಟೆಯ ಆಯ್ಕೆಯಲ್ಲಿ ರಾಜಿ ಸಲ್ಲದು: ಥ್ಯಾಲೋಜನ್ ನೀಲಿ ಎಂಬ ಬಣ್ಣ ಹಾಕಿದ ಹತ್ತಿ ಬಟ್ಟೆಯೇ ಇದರ ಮೂಲ ಮಾನದಂಡ. ನಮ್ಮ ಕಣ್ಣಿಗೆ ಅದರಂತೆಯೇ ಕಾಣುವ ಅಗ್ಗದ ಪಾಲಿಯೆಸ್ಟರ್ ನೊಣದ ಕಣ್ಣಿಗೆ ಹಾಗೆ ಕಾಣಬೇಕೆಂದಿಲ್ಲ. ಕುದುರೆ ನೊಣದ ಮಟ್ಟಿಗೆ ನಾನು ನೋಡಿದ ಯಾವ ಸಾಧನವೂ ನ್ಜಿಗೆ ಸಮನಲ್ಲ. ಕಾಲುವೆ ಅಥವಾ ಪೊದೆಯ ಕಡೆಯಿಂದ ದನ ಬರುವ ದಾರಿಯಲ್ಲಿ, ಬಯಲಿನಲ್ಲಿ, ಗಾಳಿಗೆ ಅಲುಗದಂತೆ ಬಿಗಿದು ಕಟ್ಟಬೇಕು. ಕೊಟ್ಟಿಗೆಯೊಳಗೆ ಕಟ್ಟಿದರೆ ವ್ಯರ್ಥ.

ಇಷ್ಟು ಮೆಚ್ಚಿದರೂ, ಆಫ್ರಿಕಾದ ಯಶಸ್ಸನ್ನು ಮುಂದಿಟ್ಟು ಮಾರುವವರ ಮಾತನ್ನು ಹಾಗೆಯೇ ಒಪ್ಪಲಾಗದು. ತ್ಸೆತ್ಸೆ ಹೆಣ್ಣು ಮೊಟ್ಟೆಯಿಡುವುದಿಲ್ಲ. ಒಂಬತ್ತು ಹತ್ತು ದಿನಕ್ಕೊಮ್ಮೆ ಒಂದೇ ಒಂದು ಮರಿಹುಳುವನ್ನು ಹೆರುತ್ತದೆ. ಹೀಗಾಗಿ ದಿನಕ್ಕೆ ಶೇ. 4ರಷ್ಟು ಹೆಣ್ಣುಗಳನ್ನು ಕೊಲ್ಲುತ್ತ ಹೋದರೂ ಸಂತತಿ ಕುಸಿಯುತ್ತದೆ. ಜಿಂಬಾಬ್ವೆಯಲ್ಲಿ ಚದರ ಕಿಲೋಮೀಟರಿಗೆ ನಾಲ್ಕರಂತೆ ವಾಸನೆ ಮತ್ತು ಕೀಟನಾಶಕ ಹಚ್ಚಿದ, ನೊಣ ಬಂದು ಮುಟ್ಟಿ ಸಾಯುವ ಬಟ್ಟೆಯ ತೆರೆಗಳನ್ನು ನಿಲ್ಲಿಸಿ ಗೆದ್ದದ್ದು ಇದರಿಂದಲೇ. ನಮ್ಮ ಕೊಟ್ಟಿಗೆ ನೊಣವೋ ಗಂಜಲ, ಸಗಣಿ ಬೆರೆತು ಕೊಳೆಯುವ ಹುಲ್ಲಿನಲ್ಲಿ ಜೀವಮಾನದಲ್ಲಿ ನೂರಾರು ಮೊಟ್ಟೆಯಿಡುತ್ತದೆ. ಬಲೆ ಹಿಡಿದಷ್ಟನ್ನು ತಿಪ್ಪೆ ಮತ್ತೆ ಹುಟ್ಟಿಸುತ್ತದೆ. ಗೋದಲಿಯ ಬುಡದಲ್ಲಿ ಉಳಿದ ಮೇವನ್ನು ವಾರಕ್ಕೆರಡು ಬಾರಿ ಕೆರೆದು ತೆಗೆದು ಒಣಗಿಸದವರಿಗೆ ನಾನು ಯಾವ ಬಲೆಯನ್ನೂ ಶಿಫಾರಸು ಮಾಡುವುದಿಲ್ಲ. ಕುದುರೆ ನೊಣದ ಮರಿಗಳು ಕಾಲುವೆಯಂಚಿನ ಕೆಸರಿನಲ್ಲಿ ಬೆಳೆಯುತ್ತವೆ, ಅದನ್ನು ನಾವು ಸ್ವಚ್ಛ ಮಾಡಲಾರೆವು. ಆದ್ದರಿಂದಲೇ ಅಲ್ಲಿ ಬಲೆಯ ಬೆಲೆ ಹೆಚ್ಚು.

ಬಾಟಲಿಯಲ್ಲಿ ಬಿದ್ದ ರಾಶಿಯನ್ನು ನೋಡಿ ಬಲೆಯನ್ನು ಅಳೆಯುವ ಅಭ್ಯಾಸವೂ ಸರಿಯಲ್ಲ. ಹಾಲು ಕರೆಯುವ ಹೊತ್ತಿನಲ್ಲಿ ಒಂದೊಂದು ಹಸುವಿನ ನಾಲ್ಕು ಕಾಲುಗಳ ಮೇಲೆ ಎಷ್ಟು ನೊಣ ಕುಳಿತಿವೆ, ಅದು ಎಷ್ಟು ಸಲ ಕಾಲು ಝಾಡಿಸುತ್ತದೆ ಎಂಬುದನ್ನು ಬಲೆ ಕಟ್ಟುವ ಮೊದಲೂ ಆಮೇಲೂ ಬರೆದಿಟ್ಟುಕೊಳ್ಳಬೇಕು. ನಾಲ್ಕಾರು ಸೀಮೆಹಸುಗಳ ಕೊಟ್ಟಿಗೆಗೆ ಎರಡು ಬಿಳಿ ಅಂಟು ಹಲಗೆ, ಸುತ್ತ ಕುದುರೆ ನೊಣದ ಕಾಟವಿದ್ದರೆ ಒಂದು ನ್ಜಿ, ಇಷ್ಟು ಸಾಕು. ನ್ಜಿಯ ನೀಲಿ ಬಿಸಿಲಿಗೆ ಮಾಸುತ್ತದೆ, ಪರದೆಯನ್ನು ಇಲಿ ಕಡಿಯುತ್ತದೆ. ಹೊಲಿಸುವಾಗಲೇ ಒಂದಷ್ಟು ಬಟ್ಟೆ ಹೆಚ್ಚು ಕೊಂಡಿಟ್ಟುಕೊಳ್ಳುವುದು ಒಳ್ಳೆಯದು.