ಲಾರ್ಜ್ ಇಡಲೋ, ಸ್ಮಾಲ್ ಇಡಲೋ?

ಹೋದ ದೀಪಾವಳಿ ರಜೆಯಲ್ಲಿ ಸಿನಿಮಾ ನೋಡುತ್ತಾ ಕೂತಿದ್ದೆವು. ಬಾಂಬ್ ಸಿಡಿಯುವ ಸೀನು ಬಂತು, ಎಡಗಡೆ ಸ್ಪೀಕರ್ ಟಕ್ ಟಕ್ ಎಂದಿತು. ತಮ್ಮನ ಮಗ ‘ದೊಡ್ಡಪ್ಪ, ಬೇಸ್ ಸೂಪರ್’ ಎಂದ. ನನಗೆ ಎದೆ ಧಸಕ್ ಎಂದಿತು. ಅದು ಬೇಸ್ ಅಲ್ಲ, ವೂಫರಿನ (ಸ್ಪೀಕರಿನಲ್ಲಿ ಬೇಸ್ ನುಡಿಸುವ ಭಾಗ) ವಾಯ್ಸ್ ಕಾಯಿಲ್, ಅಂದರೆ ಅದನ್ನು ಅಲುಗಿಸುವ ತಂತಿಸುರುಳಿ, ಹೋಗಬಾರದಷ್ಟು ಹಿಂದೆ ಹೋಗಿ ಹಿಂದಿನ ಲೋಹದ ತಟ್ಟೆಗೆ ಬಡಿಯುವ ಸದ್ದು.

ನನ್ನವು 5 ಇಂಚು ವೂಫರಿನ ಬುಕ್‌ಶೆಲ್ಫ್ ಸ್ಪೀಕರ್‌ಗಳು, ಜೊತೆಗೆ ಬರೀ ಕೆಳಗಿನ ಬೇಸ್‌ಗೆಂದೇ ಇರುವ 10 ಇಂಚಿನ ಸಬ್‌ವೂಫರ್. ಎರಡು ವಾರ ಅದೇ ಸೀನು, ಅದೇ ವಾಲ್ಯೂಮ್ ಇಟ್ಟುಕೊಂಡು ರಿಸೀವರಿನ (ಸ್ಪೀಕರ್‌ಗಳಿಗೆಲ್ಲ ಸದ್ದು ಹಂಚುವ ಪೆಟ್ಟಿಗೆ) ಸೆಟ್ಟಿಂಗ್ ಮಾತ್ರ ಬದಲಿಸುತ್ತಾ ಕೂತೆ. ಮನೆಯವರಿಗೆ ಆ ಬಾಂಬಿನ ಸದ್ದು ಈಗ ಬಾಯಿಪಾಠ.

ಸ್ಪೀಕರ್ ‘ಲಾರ್ಜ್’ ಅಥವಾ ‘ಸ್ಮಾಲ್’ ಎಂದು ರಿಸೀವರಿಗೆ ಹೇಳಬೇಕು, ಮೊದಲು ಇದ್ದದ್ದು ‘ಲಾರ್ಜ್’. ದುಡ್ಡು ಕೊಟ್ಟು ತಂದ ಸ್ಪೀಕರನ್ನು ಯಾರು ‘ಸ್ಮಾಲ್’ ಅಂತಾರೆ, ಅಲ್ವಾ? ಆದರೆ ಲಾರ್ಜ್ ಎಂದರೆ ಕೆಳಗಿನ ಬೇಸ್ ಪೂರ್ತಿ ಆ ಪುಟ್ಟ ವೂಫರಿನ ತಲೆಗೇ ಕಟ್ಟಿದಂತೆ. 80 ಹರ್ಟ್ಸ್‌ನಲ್ಲಿ (ಹರ್ಟ್ಸ್ ಕಮ್ಮಿಯಾದಷ್ಟೂ ಸದ್ದು ಗಡಸು) ಬರುವಷ್ಟೇ ಜೋರು 40ರಲ್ಲೂ ಬರಬೇಕಾದರೆ ಕೋನ್, ಅಂದರೆ ವೂಫರಿನ ಮುಂದೆ ಕಾಣುವ ಬಟ್ಟಲು, ನಾಲ್ಕು ಪಟ್ಟು ಅಲುಗಬೇಕು. 20ರಲ್ಲಿ ಹದಿನಾರು ಪಟ್ಟು! ಪೆಟ್ಟಿಗೆಯ ಹಿಂದೆ ಗಾಳಿ ತೂತು ಇರುವ ಸ್ಪೀಕರಿನದು ಇನ್ನೂ ಕಷ್ಟ. ಆ ತೂತು ಕೆಲಸ ಮಾಡುವ ಹರ್ಟ್ಸ್‌ಗಿಂತ ಕೆಳಗೆ ಇಳಿದರೆ ಕೋನಿಗೆ ಹಿಡಿತವೇ ಇರುವುದಿಲ್ಲ, ಸುಮ್ನೆ ಪಟಪಟ ಹೊಡೆದುಕೊಳ್ಳುತ್ತದೆ.

ಆಮೇಲೆ ರಿಸೀವರಿನ ಮೈಕ್ ಇಟ್ಟು ಆಟೋ ಸೆಟಪ್ ಮಾಡಿಸಿದೆ. ಅದು ಮುಂದಿನ ಎರಡು ಸ್ಪೀಕರಿಗೂ ಕ್ರಾಸೋವರ್ (ಇದಕ್ಕಿಂತ ಕೆಳಗಿನ ಬೇಸ್ ಸಬ್‌ವೂಫರಿಗೆ ಹೋಗುವ ಗೆರೆ) 40 ಹರ್ಟ್ಸ್ ಎಂದು ಬರೆಯಿತು. ಗೋಡೆಗೆ ಹತ್ತಿರ ಇದ್ದುದರಿಂದ ಬೇಸ್ ಜಾಸ್ತಿ ಕೇಳಿಸಿರಬೇಕು. ಟಕ್ ಟಕ್ ನಿಂತಿತು, ಆದರೆ ವೂಫರ್ ಓಲಾಡುವುದು ಸೋಫಾದಿಂದಲೇ ಕಾಣುತ್ತಿತ್ತು. ಮೈಕ್ ಅಳೆಯುವುದು ಹದವಾದ ಸದ್ದಿನಲ್ಲಿ. ಜೋರು ಮಾಡಿದಾಗ ಸ್ಪೀಕರ್ ತಡೆಯುತ್ತದೋ ಇಲ್ಲವೋ ಅದಕ್ಕೇನು ಗೊತ್ತು? ಸ್ಪೀಕರ್ ಎಷ್ಟು ದೂರ, ಸದ್ದಿನ ಮಟ್ಟ ಎಷ್ಟು ಎಂಬುದಕ್ಕೆ ಅದನ್ನು ನಂಬುತ್ತೇನೆ, ಕ್ರಾಸೋವರ್‌ಗೆ ಇಲ್ಲ.

ಕೊನೆಗೆ ‘ಸ್ಮಾಲ್’, 80 ಹರ್ಟ್ಸ್. ಸಿನಿಮಾ ಸದ್ದಿನ ಗುಣಮಟ್ಟಕ್ಕೆ ಸರ್ಟಿಫಿಕೇಟ್ ಕೊಡುವ ಟಿಎಚ್‌ಎಕ್ಸ್‌ನವರು ಹೇಳುವುದೂ ಇದೇ ಅಂಕಿ. ಕೋನ್ ಹೆಚ್ಚುಕಮ್ಮಿ ಅಲುಗಲೇ ಇಲ್ಲ. ಬಾಂಬಿನ ಗುಡುಗು ಸಬ್‌ಗೆ ಹೋಯಿತು, ಅದೇ ಸೀನಿನಲ್ಲಿ ಕಿರುಚುವವರ ಮಾತು ಮೊದಲ ಸಲ ಬಿಡಿಸಿ ಕೇಳಿಸಿತು. 120ಕ್ಕೂ ಏರಿಸಿ ನೋಡಿದೆ. ಸ್ಪೀಕರಿಗೆ ಮತ್ತೂ ಆರಾಮ, ಆದರೆ ಗಂಡಸರ ದನಿ ಮೂಲೆಯಲ್ಲಿದ್ದ ಸಬ್‌ನಿಂದ ಬಂದಂತಾಯಿತು. ಮುಷ್ಟಿಯಷ್ಟೇ ಇರುವ ಸ್ಯಾಟಲೈಟ್ ಸ್ಪೀಕರ್ ಇದ್ದವರಿಗೆ ಮಾತ್ರ ಅದು.

ರಿಸೀವರಿನ 4 ಓಮ್ ಸ್ವಿಚ್ಚನ್ನೂ ಒತ್ತಿದೆ (ಓಮ್ ಎಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ). ಹೆಸರು ಕೇಳಿದರೆ ಸ್ಪೀಕರಿಗೆ ರಕ್ಷಣೆ ಅನ್ನಿಸುತ್ತದೆ. ನನ್ನ ರಿಸೀವರಿನಲ್ಲಿ ಅದು ಮಾಡುವುದು ಒಳಗಿನ ಆಂಪಿಗೆ (ಸ್ಪೀಕರಿಗೆ ಶಕ್ತಿ ಕೊಡುವ ಭಾಗ) ಹೋಗುವ ವೋಲ್ಟೇಜ್ ತಗ್ಗಿಸಿ ಆಂಪ್ ಬಿಸಿಯಾಗದಂತೆ ನೋಡಿಕೊಳ್ಳುವುದಷ್ಟೆ. ಜೋರು ಮಾಡಿದರೆ ಆಂಪ್ ಬೇಗ ಸುಸ್ತಾಗಿ ಸದ್ದು ಒಡೆಯುತ್ತದೆ. ಹಾಗೆ ಒಡೆದ ಸದ್ದೇ ಟ್ವೀಟರ್ (ಕೀಚು ಸದ್ದು ನುಡಿಸುವ ಪುಟ್ಟ ಭಾಗ) ಸುಡುವುದು. ನನ್ನವು 8 ಓಮ್ ಸ್ಪೀಕರ್, ಸ್ವಿಚ್ ವಾಪಸ್ ಹಾಕಿದೆ.

ಇನ್ನು ವಾಲ್ಯೂಮ್. 3 ಡೆಸಿಬೆಲ್ ಏರಿಸಿದರೆ ವ್ಯಾಟ್ ಎರಡು ಪಟ್ಟು, 10 ಏರಿಸಿದರೆ ಹತ್ತು ಪಟ್ಟು. ಟೋನ್ ಕಂಟ್ರೋಲಿನಲ್ಲಿ ಬೇಸ್ +6 ಇಟ್ಟರೆ ಬೇಸ್‌ಗೇ ನಾಲ್ಕು ಪಟ್ಟು ವ್ಯಾಟ್. ಇದು ಕಾಣದ ಕಳ್ಳ, ನಾನು ಸೊನ್ನೆಗೆ ತಂದೆ. ಮ್ಯಾಕ್ಸಿಮಮ್ ವಾಲ್ಯೂಮ್ -10ಕ್ಕೆ ಕಟ್ಟಿದೆ (ನನ್ನ ರಿಸೀವರಿನಲ್ಲಿ ಸೊನ್ನೆಗೆ ಹತ್ತಿರವಾದಷ್ಟೂ ಜೋರು), ಆನ್ ಮಾಡಿದಾಗ -35ರಿಂದಲೇ ಶುರುವಾಗುವಂತೆ ಇಟ್ಟೆ. ರಾತ್ರಿ ಹುಡುಗರು ಏರಿಸಿಟ್ಟು ಮಲಗಿದರೂ ಬೆಳಿಗ್ಗೆ ವಾರ್ತೆ ಓದುವವರು ಬೀದಿಗೆಲ್ಲ ಕೂಗುವುದಿಲ್ಲ.

ತಮ್ಮನ ಮಗನಿಗೆ ಮಾತ್ರ ‘ಬೇಸ್ ಹೋಯ್ತು’ ಎಂಬ ಬೇಸರ. ಸಬ್ಬನ್ನು ಸೋಫಾ ಹತ್ತಿರಕ್ಕೆ ತಳ್ಳಿ 2 ಡೆಸಿಬೆಲ್ ಏರಿಸಿದೆ. ಕೂತ ಜಾಗ ನಡುಗಿತು. ‘ಈಗ ಓಕೆ ದೊಡ್ಡಪ್ಪ’ ಎಂದ.