ವಿಂಡೋಸ್ 11 ಹಾಕಿದ ಮೇಲೆ ವೈಫೈ ನಿಧಾನವಾಯ್ತಾ? ರೂಟರ್ ಬದಲಾಯಿಸುವ ಮುಂಚೆ ಇದನ್ನು ಓದಿ

ಶಿವಮೊಗ್ಗದವರು, ಅದರಲ್ಲೂ ಗೋಪಾಳ, ವಿನೋಬನಗರ ಕಡೆ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ವಿಂಡೋಸ್ 10ರಿಂದ 11ಕ್ಕೆ ಹೋದ ಮೇಲೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ವೈಫೈ ನಿಧಾನವಾಗಿದೆಯಾ? ಅದೇ ವೈಫೈನಲ್ಲಿ ಮೊಬೈಲು, ಟಿವಿ ಎಲ್ಲ ಸರಿಯಾಗಿ ಓಡುತ್ತಿವೆಯಾ? ಹಾಗಿದ್ದರೆ ಮೊದಲು ನೋಡಬೇಕಾದದ್ದು ಲ್ಯಾಪ್‌ಟಾಪನ್ನು, ರೂಟರನ್ನಲ್ಲ. ಇಷ್ಟನ್ನು ಮುಚ್ಚಿಟ್ಟು ನನ್ನಿಂದ 4,440 ರೂಪಾಯಿ ಕಿತ್ತುಕೊಂಡು ಹೋಗಿದ್ದಾರೆ. ಅಂಗಡಿಯ ಹೆಸರು ಇಲ್ಲಿ ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ಮುಗಿಯಲಿ.

ನಾನು ಮನೆಯಲ್ಲೇ ಕೂತು ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಗಾಂಧಿ ಬಜಾರಿನ ಕೆಲವು ಅಂಗಡಿಗಳು, ಅಡಿಕೆ ವ್ಯಾಪಾರದ ಒಂದಿಬ್ಬರು, ಇವರ ಜಿಎಸ್‌ಟಿ ರಿಟರ್ನ್ ಹಾಕುವುದು ನಾನೇ. 11ನೇ ತಾರೀಕಿಗೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ತಡವಾದರೆ ಲೇಟ್ ಫೀ ಬೀಳುವುದು ಅವರ ಮೇಲೆ, ಬೈಸಿಕೊಳ್ಳುವುದು ನಾನು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ ನಿಂತಿತು. ಬೇರೆಯವರ ಬ್ಯಾಂಕ್ ವಿವರ ಎಲ್ಲ ನನ್ನ ಲ್ಯಾಪ್‌ಟಾಪ್‌ನಲ್ಲಿ ಇರುತ್ತೆ, ಅದಕ್ಕೇ ದೀಪಾವಳಿ ಮುಗಿದ ಮೇಲೆ ವಿಂಡೋಸ್ 11 ಹಾಕಿಕೊಂಡೆ. ಲ್ಯಾಪ್‌ಟಾಪ್ ಇಂಟೆಲ್ 8ನೇ ತಲೆಮಾರಿನದು, ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆಯೂ ಇದೆ. ಹಾಗಾಗಿ ಅಪ್‌ಡೇಟ್‌ನಲ್ಲೇ ಬಂತು, ಒಂದು ಪೈಸೆ ಖರ್ಚಿಲ್ಲ.

ಎಲ್ಲ ಚೆನ್ನಾಗೇ ಆಯಿತು, ವೈಫೈ ಒಂದು ಬಿಟ್ಟು. ನಮ್ಮದು 100 ಎಂಬಿಪಿಎಸ್ ಫೈಬರ್. ಲ್ಯಾಪ್‌ಟಾಪ್‌ನಲ್ಲಿ ಆರೋ ಏಳೋ ಬರುತ್ತಿತ್ತು. ಜಿಎಸ್‌ಟಿ ಪೋರ್ಟಲ್ ತೆರೆದರೆ ಸುಮ್ನೆ ತಿರುಗುತ್ತಾ ಕೂರುತ್ತಿತ್ತು. ಅದೇ ಹೊತ್ತಿಗೆ ಹಾಲ್‌ನಲ್ಲಿ ಅತ್ತೆ ಟಿವಿಯಲ್ಲಿ ಯಕ್ಷಗಾನ ನೋಡುತ್ತಿದ್ದರು, ಎಲ್ಲೂ ನಿಲ್ಲದೆ. ನನ್ನ ಮೊಬೈಲಲ್ಲಿ ತೊಂಬತ್ತರ ಮೇಲೆ. ಈ ಮಾತು ನೆನಪಿಟ್ಟುಕೊಳ್ಳಿ, ಯಾಕೆಂದರೆ ಸರಿ ಮಾಡಲು ಕರೆಸಿದ ಅಂಗಡಿಯ ಹುಡುಗನಿಗೂ ನಾನು ಇದನ್ನೇ ಹೇಳಿದ್ದೆ. ಬಾಗಿಲಲ್ಲೇ ಹೇಳಿದ್ದೆ. "ಮೊಬೈಲಲ್ಲಿ ಸರಿ ಇದೆ, ಟಿವಿಯಲ್ಲಿ ಸರಿ ಇದೆ, ಇದರಲ್ಲಿ ಮಾತ್ರ ನಿಧಾನ" ಅಂತ.

ಅವನು ಲ್ಯಾಪ್‌ಟಾಪ್ ಮುಟ್ಟುವ ಮುಂಚೆಯೇ ರೂಟರ್ ಹತ್ತಿರ ಹೋದ. ಕೈಗೆತ್ತಿಕೊಂಡು ತಿರುಗಿಸಿ ನೋಡಿದ. "ಮೇಡಂ, ಇದಕ್ಕೆ ಸಿಡಿಲಿನ ಹೊಡೆತ ಬಿದ್ದಿದೆ, ಒಳಗೆ ವೀಕ್ ಆಗಿದೆ" ಅಂದ.

ನಮ್ಮ ಕಡೆಯವರಿಗೆ ಈ ಮಾತು ಹೇಳಿದರೆ ಸಾಕು ಅಂತ ಅವನಿಗೆ ಚೆನ್ನಾಗಿ ಗೊತ್ತು. ಮಲೆನಾಡಿನಲ್ಲಿ ಗುಡುಗು ಶುರುವಾದ ಕೂಡಲೇ ಮೊದಲು ಎದ್ದು ಪ್ಲಗ್ ಕೀಳುವವರು ನಾವು. ತೀರ್ಥಹಳ್ಳಿ ಕಡೆ ತವರು ಮನೆಯಲ್ಲಿ ಸಿಡಿಲಿಗೆ ಟಿವಿ, ಮೋಡೆಮ್ ಎಲ್ಲ ಸುಟ್ಟು ಹೋಗಿದ್ದನ್ನು ನೋಡಿದ್ದೇನೆ. ಆ ವಾರ ಸಂಜೆ ಹೊತ್ತು ಗುಡುಗು ಬೇರೆ ಇತ್ತು. ಆದರೂ ಕೇಳಿದೆ, "ಹಾಗಾದರೆ ಮೊಬೈಲಿಗೆ ಹೇಗೆ ಬರುತ್ತಿದೆ?"

"ಮೊಬೈಲ್ ಆಂಟೆನಾನೇ ಬೇರೆ ಮೇಡಂ."

"ಟಿವಿಗೆ?"

"ಟಿವಿಗೆ ಜಾಸ್ತಿ ಸ್ಪೀಡ್ ಬೇಡ ಮೇಡಂ. ನೀವು ವಿಂಡೋಸ್ 11 ಹಾಕಿದ್ದೀರ ಅಲ್ವಾ, ಅದಕ್ಕೆ ವೈಫೈ 6 ರೂಟರೇ ಬೇಕು. ಈ ಹಳೇ ರೂಟರ್ ಅದಕ್ಕೆ ಸಪೋರ್ಟ್ ಮಾಡಲ್ಲ. ಎಲ್ಲರ ಮನೆಯಲ್ಲೂ ಇದೇ ಕಂಪ್ಲೇಂಟು."

ಇದು ಸುಳ್ಳು. ಶುದ್ಧ ಸುಳ್ಳು. ವೈಫೈ 6 ಅಂದರೆ ವೈಫೈನ ಈಚಿನ ಒಂದು ತಲೆಮಾರು, ಅಷ್ಟೇ. ವಿಂಡೋಸ್ 11ಕ್ಕೆ ವೈಫೈ 6 ರೂಟರ್ ಬೇಕು ಅಂತ ಎಲ್ಲೂ ಇಲ್ಲ. ಹಳೆಯ ರೂಟರ್‌ನಲ್ಲೂ ಅದು ಚೆನ್ನಾಗಿ ನಡೆಯುತ್ತೆ. ವಿಂಡೋಸ್ 11 ಬಂದಿದ್ದೇ 2021ರಲ್ಲಿ, ಆಗ ಎಷ್ಟು ಮನೆಯಲ್ಲಿ ವೈಫೈ 6 ಇತ್ತು ಹೇಳಿ.

ಬೇಡದಿದ್ದರೆ ಇನ್ನೊಂದು ದಾರಿ ಇದೆ ಅಂದ, ಫಾರ್ಮ್ಯಾಟ್ ಮಾಡಿ ವಾಪಸ್ ವಿಂಡೋಸ್ 10 ಹಾಕುವುದು. "ಡೇಟಾ ಎಲ್ಲ ಹೋಗುತ್ತೆ, ಅದು ನಿಮ್ಮ ಜವಾಬ್ದಾರಿ." ಅಷ್ಟು ಅಂಗಡಿಗಳ ಲೆಕ್ಕ ಇರುವ ಲ್ಯಾಪ್‌ಟಾಪು, ತಾರೀಕು ಹತ್ತಿರ ಬರುತ್ತಿದೆ. ಯಾರಾದರೂ ಫಾರ್ಮ್ಯಾಟ್‌ಗೆ ಒಪ್ಪುತ್ತಾರಾ? ಆ ಹೆದರಿಕೆ ಹುಟ್ಟಿಸಿಯೇ ರೂಟರ್ ಮಾರಿದ್ದು. ಅಪ್‌ಗ್ರೇಡ್ ಮಾಡಿದ 10 ದಿನದ ಒಳಗೆ ಸೆಟ್ಟಿಂಗ್ಸ್‌ನಲ್ಲಿ ರಿಕವರಿಗೆ ಹೋಗಿ, ನಮ್ಮ ಕಡತಗಳು ಹೋಗದ ಹಾಗೆ ನಾವೇ ಹಳೆಯ ವಿಂಡೋಸ್‌ಗೆ ವಾಪಸ್ ಹೋಗಬಹುದು. ಅದನ್ನು ಅವನು ಬಾಯಿ ಬಿಡಲಿಲ್ಲ.

ಬಾಕ್ಸ್ ಬೈಕಿನಲ್ಲೇ ತಂದಿದ್ದ. ಅದನ್ನು ನೋಡಿದಾಗಲೇ ಮನಸ್ಸಿಗೆ ಕಸಿವಿಸಿ ಆಯಿತು. ತೊಂದರೆ ಏನು ಅಂತ ನೋಡುವ ಮುಂಚೆಯೇ ರೂಟರ್ ಹೊತ್ತುಕೊಂಡು ಬಂದಿದ್ದ!

ಬಾಕ್ಸ್ ಮೇಲೆ ಎಂಆರ್‌ಪಿ 2,999. ಅವನು ಕೇಳಿದ್ದು 3,540. ಯಾಕೆ ಅಂದರೆ "ಮೇಲೆ 18% ಜಿಎಸ್‌ಟಿ ಮೇಡಂ" ಅಂದ. ಇದನ್ನು ನನಗೆ ಹೇಳುತ್ತಾನೆ! ದಿನ ಬೆಳಗಾದರೆ ಜಿಎಸ್‌ಟಿ ಲೆಕ್ಕ ಮಾಡುವವಳಿಗೆ! ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿದ ಬೆಲೆ, ಅದರ ಮೇಲೆ ಒಂದು ರೂಪಾಯಿ ತೆಗೆದುಕೊಳ್ಳುವ ಹಾಗಿಲ್ಲ ಅಂತ ಅಲ್ಲೇ ಹೇಳಿದೆ. ಅದಕ್ಕೆ ಅವನು, "ಅದೆಲ್ಲ ಓನರ್ ಹತ್ರ ಮಾತಾಡಿ ಮೇಡಂ, ನಾನು ಹುಡುಗ ಅಷ್ಟೇ. ಈಗ ಬೇಡ ಅಂದ್ರೆ ತಗೊಂಡು ಹೋಗ್ತೀನಿ, ಮತ್ತೆ ಸೋಮವಾರವೇ ಬರೋಕಾಗೋದು" ಅಂದ. ಫಿಟ್ಟಿಂಗ್‌ಗೆ 500, "ವಿಂಡೋಸ್ 11 ಸೆಟ್ಟಿಂಗ್"ಗೆ 600. ಹಳೆಯ ರೂಟರ್ ಎಕ್ಸ್‌ಚೇಂಜ್ ಅಂತ 200 ಕಳೆದ. ದುಡ್ಡು ಹೋಗಿದ್ದು ಅಂಗಡಿ ಖಾತೆಗಲ್ಲ, ಯಾರದೋ ಮೊಬೈಲ್ ನಂಬರಿಗೆ. ಬಿಲ್ ಕೇಳಿದರೆ ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ ಅಂದ. ಬಂದಿದ್ದು ಒಂದು ಬಿಳಿ ಚೀಟಿಯ ಫೋಟೋ. ಜಿಎಸ್‌ಟಿ ನಂಬರ್ ಇಲ್ಲ, ರೂಟರ್‌ನ ಸೀರಿಯಲ್ ನಂಬರ್ ಇಲ್ಲ. ಜಿಎಸ್‌ಟಿ ಹೆಸರಲ್ಲಿ ದುಡ್ಡು ತೆಗೆದುಕೊಂಡು ಜಿಎಸ್‌ಟಿ ಬಿಲ್ಲೇ ಇಲ್ಲ.

ಆಮೇಲೆ ಸ್ಪೀಡ್ ತೋರಿಸಿದ. "ನೋಡಿ ಮೇಡಂ, 94" ಅಂತ. ಎಲ್ಲಿ ತೋರಿಸಿದ್ದು ಗೊತ್ತಾ? ಅವನ ಮೊಬೈಲಲ್ಲಿ. ಲ್ಯಾಪ್‌ಟಾಪಲ್ಲಿ ತೋರಿಸು ಅಂದಾಗ, "ವಿಂಡೋಸ್ ಹೊಸದು, ಒಳಗೆ ಇನ್ನೂ ಅಪ್‌ಡೇಟ್ ಇಳೀತಾ ಇದೆ, ಎರಡು ದಿನ ಬಿಡಿ, ತಾನಾಗೇ ಸೆಟ್ ಆಗುತ್ತೆ" ಅಂದ. ಆ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ. ಅಪ್‌ಗ್ರೇಡ್ ಆದ ಹೊಸದರಲ್ಲಿ ಹಿಂದಿನಿಂದ ಅಪ್‌ಡೇಟ್‌ಗಳು ಇಳಿಯುತ್ತವೆ, ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ ನಮ್ಮ ಕಡತಗಳ ಪ್ರತಿಯನ್ನು ಇಂಟರ್ನೆಟ್‌ಗೆ ಕಳಿಸುತ್ತಾ ಇರುತ್ತೆ. ನಿಜವನ್ನು ಸ್ವಲ್ಪ ಬೆರೆಸಿ ಹೇಳುವ ಸುಳ್ಳು ನಂಬುವ ಹಾಗೆಯೇ ಇರುತ್ತೆ.

ಎರಡು ದಿನ ಕಳೆದರೂ ಅದೇ ಆರು, ಅದೇ ಏಳು.

ಆ ಭಾನುವಾರ ಸಾಗರದಿಂದ ಅಕ್ಕನ ಮಗಳು ಬಂದಿದ್ದಳು. ಓದುತ್ತಿರುವುದು ಇಂಜಿನಿಯರಿಂಗ್, ಅದೂ ಸಿವಿಲ್. ಅವಳು ಮೊದಲು ಕೇಳಿದ್ದೇ, "ಚಿಕ್ಕಿ, ಇದು ಯಾವ ಬ್ಯಾಂಡ್‌ಗೆ ಕನೆಕ್ಟ್ ಆಗಿದೆ?" ಬ್ಯಾಂಡ್ ಅಂದರೆ ವೈಫೈ ಓಡುವ ದಾರಿ, ಮನೆಯ ರೂಟರ್‌ಗಳಲ್ಲಿ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಒಂದು, ಅದಕ್ಕಿಂತ ವೇಗದ 5 ಗಿಗಾಹರ್ಟ್ಸ್ ಇನ್ನೊಂದು. ಸೆಟ್ಟಿಂಗ್ಸ್ ತೆರೆದಳು, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ವೈಫೈ, ನಮ್ಮ ವೈಫೈ ಹೆಸರಿನ ಪ್ರಾಪರ್ಟೀಸ್. ಕೆಳಗೆ ಎಲ್ಲ ಬರೆದೇ ಇತ್ತು. ಬ್ಯಾಂಡ್ 2.4 ಗಿಗಾಹರ್ಟ್ಸ್, ಚಾನೆಲ್ 6, ಲಿಂಕ್ ಸ್ಪೀಡ್ 72. ಅಂದರೆ ಲ್ಯಾಪ್‌ಟಾಪ್ ಅಕ್ಕಪಕ್ಕದ ಮನೆಯ ವೈಫೈಗಳೆಲ್ಲ ಗಿಜಿಗುಡುವ 2.4ರಲ್ಲೇ ಕೂತಿತ್ತು. ಮೊಬೈಲು, ಟಿವಿ ಎರಡೂ 5 ಗಿಗಾಹರ್ಟ್ಸ್‌ನಲ್ಲಿದ್ದವು.

ಆಮೇಲೆ ಡಿವೈಸ್ ಮ್ಯಾನೇಜರ್ ತೆರೆದು ವೈಫೈ ಅಡಾಪ್ಟರ್‌ನ, ಅಂದರೆ ಲ್ಯಾಪ್‌ಟಾಪ್ ಒಳಗಿನ ವೈಫೈ ಕಾರ್ಡ್‌ನ, ಡ್ರೈವರ್ ನೋಡಿದಳು. ಆ ಕಾರ್ಡನ್ನು ವಿಂಡೋಸ್ ಜೊತೆ ಕೆಲಸ ಮಾಡಿಸುವ ತಂತ್ರಾಂಶವೇ ಡ್ರೈವರ್. ಅಪ್‌ಗ್ರೇಡ್ ಆಗುವಾಗ ಲ್ಯಾಪ್‌ಟಾಪ್ ಕಂಪನಿ ಕೊಟ್ಟಿದ್ದ ಡ್ರೈವರ್ ಹೋಗಿ, ಮೈಕ್ರೋಸಾಫ್ಟ್‌ನದೇ ಒಂದು ಸಾಧಾರಣ ಡ್ರೈವರ್ ಬಂದು ಕೂತಿತ್ತು. ಹಳೆಯದಕ್ಕೆ ವಾಪಸ್ ಹೋಗುವ 'ರೋಲ್ ಬ್ಯಾಕ್ ಡ್ರೈವರ್' ಬಟನ್ ಒತ್ತಲು ಬರುತ್ತಿರಲಿಲ್ಲ. ಲ್ಯಾಪ್‌ಟಾಪ್ ಕಂಪನಿಯ ಸೈಟಿಗೆ ಹೋಗಿ, ನನ್ನ ಮಾಡೆಲ್ ಹಾಕಿ, ವಿಂಡೋಸ್ 11ರ ವೈಫೈ ಡ್ರೈವರ್ ಇಳಿಸಿದಳು. ಹಾಕಿದಳು, ರೀಸ್ಟಾರ್ಟ್ ಮಾಡಿದಳು. ಅಡಾಪ್ಟರ್‌ನ ಅಡ್ವಾನ್ಸ್ಡ್ ಪಟ್ಟಿಯಲ್ಲಿ 'ಪ್ರಿಫರ್ಡ್ ಬ್ಯಾಂಡ್' ಅಂತ ಇತ್ತು, ಅದನ್ನು 5 ಗಿಗಾಹರ್ಟ್ಸ್ ಮಾಡಿದಳು. ಬೇರೆ ಕಂಪ್ಯೂಟರ್‌ಗಳಿಗೆ ಅಪ್‌ಡೇಟ್ ಹಂಚುವ 'ಡೆಲಿವರಿ ಆಪ್ಟಿಮೈಸೇಶನ್' ಆಫ್ ಮಾಡಿದಳು, ಒನ್‌ಡ್ರೈವ್ ಸ್ವಲ್ಪ ಹೊತ್ತು ನಿಲ್ಲಿಸಿದಳು. ಒಲೆ ಮೇಲೆ ಇಟ್ಟ ಕಾಫಿ ಕುದಿಯುವ ಮೊದಲೇ ಮುಗಿಯಿತು ಅನ್ನುವ ಹಾಗಿತ್ತು.

93 ಬಂತು. ನನ್ನ ಲ್ಯಾಪ್‌ಟಾಪಲ್ಲಿ, 93.

ಅಲ್ಲಿಗೆ ಮುಗಿದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಅವಳು ಇನ್ನೊಂದು ತೋರಿಸಿದಳು. ಕಪ್ಪು ಕಿಟಕಿಯಲ್ಲಿ ಒಂದು ಕಮಾಂಡ್ ಕೊಟ್ಟು, ನನ್ನ ವೈಫೈ ಕಾರ್ಡ್‌ಗೆ ಏನೇನು ಬರುತ್ತೆ ಅಂತ ಪಟ್ಟಿ ತೆಗೆದಳು. ಪಟ್ಟಿ 802.11ಎಸಿಗೆ ನಿಂತಿತ್ತು. "ಚಿಕ್ಕಿ, ಇದು ವೈಫೈ 5 ಕಾರ್ಡು. ವೈಫೈ 6 ಅಂದರೆ ಎಎಕ್ಸ್ ಅಂತ ಇರಬೇಕು. ನೀನು ತಗೊಂಡ ರೂಟರ್‌ನಲ್ಲಿ ಇರೋ ವೈಫೈ 6 ಈ ಲ್ಯಾಪ್‌ಟಾಪಿಗೆ ಉಪಯೋಗಕ್ಕೇ ಬರಲ್ಲ" ಅಂದಳು.

ನನಗೆ ಮಾತೇ ಹೊರಡಲಿಲ್ಲ. ಯಾವ ವೈಫೈ 6ಗೋಸ್ಕರ ದುಡ್ಡು ಕೊಟ್ಟೆನೋ ಅದನ್ನು ಮುಟ್ಟುವ ಶಕ್ತಿಯೇ ನನ್ನ ಲ್ಯಾಪ್‌ಟಾಪಿಗೆ ಇಲ್ಲ. ಹಳೆಯ ರೂಟರ್ ಕೂಡ ಎರಡು ಬ್ಯಾಂಡ್‌ನದೇ. ಡ್ರೈವರ್ ಒಂದು ಸರಿ ಮಾಡಿದ್ದರೆ ಅದರಲ್ಲೇ ಇಷ್ಟು ಸ್ಪೀಡ್ ಬರುತ್ತಿತ್ತು, ಮೊಬೈಲಿಗೆ ಬರುತ್ತಿತ್ತಲ್ಲ! ಆ ಸಂಜೆ ಯಾರ ಮುಖ ನೋಡುವುದಕ್ಕೂ ನಾಚಿಕೆ. ಅತ್ತೆ "ಹೊಸದು ಚೆನ್ನಾಗಿದೆಯೇನಮ್ಮಾ" ಅಂತ ಕೇಳಿದರು. ಹೂಂ ಅಂದು ಒಳಗೆ ಹೋದೆ.

ಮಾರನೇ ದಿನ ಅಂಗಡಿಗೆ ಫೋನ್ ಮಾಡಿದೆ. ಓನರ್ ಮಾತಾಡಿದ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

ರೂಟರ್ ವಾಪಸ್ ತಗೊಳ್ಳಿ ಅಂದೆ. "ಓಪನ್ ಆದ ಬಾಕ್ಸ್ ವಾಪಸ್ ಇಲ್ಲ ಮೇಡಂ."

ವಿಂಡೋಸ್ 11ಕ್ಕೆ ವೈಫೈ 6 ಬೇಕು ಅಂತ ಸುಳ್ಳು ಹೇಳಿದ್ದಾರೆ ಅಂದೆ. "ಹುಡುಗ ಏನೋ ಹೇಳಿರ್ತಾನೆ. ಈಗ ಸ್ಪೀಡ್ ಬರ್ತಾ ಇದೆ ಅಲ್ವಾ? ಮತ್ತೇನು ಪ್ರಾಬ್ಲಂ?"

ಸ್ಪೀಡ್ ಬಂದಿದ್ದು ನಮ್ಮ ಹುಡುಗಿ ಡ್ರೈವರ್ ಹಾಕಿದ ಮೇಲೆ ಅಂದೆ. "ಮೇಡಂ, ಇಂಟರ್‌ನೆಟ್ ನೋಡಿ ನೀವೇ ಮಾಡ್ಕೊಳ್ಳೋದಾದ್ರೆ ನಮ್ಮನ್ನ ಯಾಕೆ ಕರೆದ್ರಿ?"

600 ರೂಪಾಯಿಗೆ ಯಾವ ಸೆಟ್ಟಿಂಗ್ ಮಾಡಿದಿರಿ ಅಂತ ಕೇಳಿದೆ. ಅದಕ್ಕೆ ಅವನು ಹೇಳಿದ್ದು, "ಸರ್ ಇದ್ದಾರಾ? ಸರ್‌ಗೆ ಫೋನ್ ಕೊಡಿ, ಅವರಿಗೆ ಹೇಳ್ತೀನಿ. ನಿಮಗೆ ಟೆಕ್ನಿಕಲ್ ಅರ್ಥ ಆಗಲ್ಲ."

ಈ ಮಾತನ್ನು ನಾನು ಮರೆಯುವುದಿಲ್ಲ. ದುಡ್ಡು ಕೊಡುವಾಗ ಸರ್ ಬೇಕಾಗಿರಲಿಲ್ಲ. ಲೆಕ್ಕ ಕೇಳುವಾಗ ಸರ್ ಬೇಕು! ನಮ್ಮ ಮನೆಯವರು ಪಕ್ಕದಲ್ಲೇ ಇದ್ದರು, ಫೋನ್ ಕೊಡಲಿಲ್ಲ. ನನ್ನ ದುಡ್ಡು, ನನ್ನ ಲ್ಯಾಪ್‌ಟಾಪು, ನಾನೇ ಮಾತಾಡುತ್ತೇನೆ ಅಂದೆ. ಕಟ್ ಮಾಡಿದ. ವಾಟ್ಸಾಪ್‌ನಲ್ಲಿ ಚೀಟಿ, ಎಂಆರ್‌ಪಿಯ ಫೋಟೋ, ಪಾವತಿ ಮಾಡಿದ ಸ್ಕ್ರೀನ್‌ಶಾಟ್ ಎಲ್ಲ ಹಾಕಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ಹಳೆಯ ರೂಟರನ್ನಾದರೂ ಕೊಡಿ, ಆ 200 ವಾಪಸ್ ಕೊಡುತ್ತೇನೆ ಅಂದದ್ದಕ್ಕೆ ಮಾತ್ರ ರಾತ್ರಿ ಒಂದು ಸಾಲು ಬಂತು: "ಅದು ಸ್ಕ್ರ್ಯಾಪ್‌ಗೆ ಹೋಯ್ತು." ಕೆಲಸ ಮಾಡುವ ರೂಟರ್ ಸ್ಕ್ರ್ಯಾಪ್‌ಗೆ ಹೋಗುತ್ತಾ? ನನಗೆ ನಂಬಿಕೆ ಇಲ್ಲ.

1915ಕ್ಕೆ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ದುಡ್ಡು ಕೊಡಬೇಕಾಗಿಲ್ಲ. ದೂರು ಬರೆದುಕೊಂಡು ನಂಬರ್ ಕೊಟ್ಟರು. ಆ ನಂಬರನ್ನು ಅಂಗಡಿಯವನಿಗೆ ಕಳಿಸಿದೆ. ಅಷ್ಟು ದಿನ ಸುಮ್ಮನಿದ್ದವನು ಮಧ್ಯಾಹ್ನದೊಳಗೆ 541 ರೂಪಾಯಿ ವಾಪಸ್ ಹಾಕಿದ, ಎಂಆರ್‌ಪಿ ಮೇಲೆ ತೆಗೆದುಕೊಂಡಿದ್ದು ಮಾತ್ರ. ಜೊತೆಗೆ "ಕ್ಲೋಸ್ ಮಾಡಿ ಮೇಡಂ" ಅಂತ ಮೆಸೇಜು. ಕ್ಲೋಸ್ ಮಾಡಿಲ್ಲ. ಇದರಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವೇ ಇಲ್ಲ.

ನಿಮಗೂ ಹೀಗಾದರೆ ಯಾರನ್ನೂ ಕರೆಯುವ ಮುಂಚೆ ಮೊಬೈಲನ್ನು ಲ್ಯಾಪ್‌ಟಾಪ್ ಪಕ್ಕದಲ್ಲೇ ಇಟ್ಟು ಎರಡರಲ್ಲೂ ಸ್ಪೀಡ್ ನೋಡಿ. ಎರಡೂ ನಿಧಾನ ಇದ್ದರೆ ಇಂಟರ್ನೆಟ್ ಕೊಟ್ಟವರಿಗೆ ಫೋನ್ ಮಾಡಿ. ಲ್ಯಾಪ್‌ಟಾಪ್ ಮಾತ್ರ ನಿಧಾನ ಇದ್ದರೆ ಬ್ಯಾಂಡ್ ನೋಡಿ, ಡ್ರೈವರ್ ನೋಡಿ. ಹಳೆಯ ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆಯ ಮನೆಯಾದರೆ 5 ಗಿಗಾಹರ್ಟ್ಸ್ ಆಚೆ ಕೋಣೆಗೆ ಸರಿಯಾಗಿ ದಾಟುವುದಿಲ್ಲ, ರೂಟರ್ ಇರುವ ಕೋಣೆಯಲ್ಲೇ ಕೂತು ನೋಡಿ. ಆದರೂ ಯಾರನ್ನಾದರೂ ಕರೆಯಲೇಬೇಕಾಗಿ ಬಂದರೆ ಸ್ಪೀಡನ್ನು ನಿಮ್ಮ ಲ್ಯಾಪ್‌ಟಾಪಲ್ಲೇ ತೋರಿಸಲಿ, ಆಮೇಲೆ ದುಡ್ಡು. ಹಳೆಯ ರೂಟರ್ ಮಾತ್ರ ಕೈಬಿಡಬೇಡಿ.

ಕೊನೆಗೆ ಒಂದು ಕೇಳಿಕೊಳ್ಳುವುದಿದೆ. ನನ್ನ ಹಳೆಯ ರೂಟರ್ ಕಪ್ಪು ಬಣ್ಣದ್ದು, ನಾಲ್ಕು ಆಂಟೆನಾ. ಯುಪಿಎಸ್‌ನಲ್ಲಿ ಬೇರೆ ಪಿನ್ ಜೊತೆ ಗೊಂದಲ ಆಗದಿರಲಿ ಅಂತ ಅದರ ಅಡಾಪ್ಟರ್ ಮೇಲೆ ಕೆಂಪು ನೇಲ್ ಪಾಲಿಶ್‌ನಲ್ಲಿ ಒಂದು ಚುಕ್ಕಿ ಇಟ್ಟಿದ್ದೆ. ರೂಟರ್ ಹಿಂದೆ ಸ್ಟಿಕ್ಕರ್ ಅರ್ಧ ಕಿತ್ತು ಬಂದಿದೆ. ಇತ್ತೀಚೆಗೆ ಶಿವಮೊಗ್ಗದಲ್ಲಿ ಯಾರಾದರೂ ಸೆಕೆಂಡ್ ಹ್ಯಾಂಡ್ ಅಂತ ಇಂಥದ್ದನ್ನು ಕೊಂಡಿದ್ದರೆ, ಅದನ್ನು ವಾಪಸ್ ಕೇಳುವುದಿಲ್ಲ, ನೀವು ದುಡ್ಡು ಕೊಟ್ಟು ಕೊಂಡಿದ್ದೀರಿ. ಯಾವ ಅಂಗಡಿಯಲ್ಲಿ, ಎಷ್ಟಕ್ಕೆ ಕೊಂಡಿರಿ ಅಂತ ಮಾತ್ರ ತಿಳಿಸಿ, ಒಂದು ಫೋಟೋ ಕಳಿಸಿ. ನನ್ನ ದೂರಿನ ಜೊತೆ ಅದನ್ನೂ ಸೇರಿಸಬೇಕು.